ಮೇಷ್ಟ್ರು ಕೊಡದ ಸಾಲು

ಸತ್ತ ಗುರುಗಳು ಶಿಷ್ಯರ ಕೊರಳಲ್ಲಿ ಕೂತು ಹಾಡುತ್ತಾರೆ ಎಂಬ ಕಥೆಗಳು ಸಂಗೀತದವರಲ್ಲಿ ಬೇಕಾದಷ್ಟಿವೆ. ಯಾರಾದರೂ ಹೇಳಿದರೆ ನಾನು ಮುಖದ ಮೇಲೇ ನಕ್ಕುಬಿಡುತ್ತಿದ್ದೆ. ಈಗ ನಗುವುದಿಲ್ಲ. ಹಾಗೆಂದು ನಂಬುತ್ತೇನೆ ಅಂತಲೂ ಹೇಳಲಾರೆ.

ನನ್ನ ಮೇಷ್ಟ್ರು ಉರಿಗಾಂನಲ್ಲಿ ಚಿನ್ನದ ಗಣಿಯೊಳಗೆ ಕೆಲಸ ಮಾಡಿದವರು. ಗಣಿ ಮುಚ್ಚಿದ ಮೇಲೆ ಅಲ್ಲೇ ಕಾರ್ಮಿಕರ ಲೈನ್ ಮನೆಯಲ್ಲಿ ಸಂಗೀತ ಪಾಠ ಹೇಳುತ್ತಿದ್ದರು. ನಾನು ಬಂಗಾರಪೇಟೆಯಿಂದ ಬಸ್ಸಿನಲ್ಲಿ ಹೋಗುತ್ತಿದ್ದೆ. ಕಲ್ಲಿನ ಧೂಳು ಅವರ ಎದೆ ತಿಂದಿತ್ತು. ಉದ್ದನೆಯ ಸಾಲು ಬಂದರೆ ಪದವನ್ನು ನಡುವೆ ಒಡೆದು, ಸಣ್ಣ ಸಿಳ್ಳೆಯೊಂದಿಗೆ ಉಸಿರೆಳೆಯುತ್ತಿದ್ದರು. ಕೇಳಿ ಕೇಳಿ ನಾನೂ ಅಲ್ಲೇ ಪದ ಒಡೆಯುತ್ತಿದ್ದೆ. ಅದೂ ಹಾಡಿನ ಭಾಗವೆಂದೇ ತಿಳಿದಿದ್ದೆ, ಪೆದ್ದಿ.

"ಅದು ನನ್ ಕಾಯಿಲೆ ಕಣಮ್ಮ, ಹಾಡಲ್ಲ. ಅದನ್ಯಾಕೆ ಕಲೀತೀಯ?" ಎಂದು ಗದರುತ್ತಿದ್ದರು.

ಅವರ ಗುರುಗಳಿಂದ ಬಂದ ಒಂದು ತೋಡಿ ರಾಗದ ಕೃತಿ ಇತ್ತು. ಬೇರೆಲ್ಲೂ ಕೇಳಿದವರಿಲ್ಲ, ಬರೆದಿಟ್ಟವರಿಲ್ಲ. ಚರಣದ ಮೂರು ಸಾಲು ಕೊಟ್ಟರು. ಮೂರನೆಯದನ್ನು ಒಂದೇ ಉಸಿರಿನಲ್ಲಿ ಹಾಡುವವರೆಗೆ ಕೊನೆಯ ಸಾಲು ಕೊಡುವುದಿಲ್ಲ ಎಂದರು. ಅದು ನನಗೆ ಒಲಿಯುವ ಮೊದಲೇ ತೀರಿಕೊಂಡರು. ನನ್ನ ಸೋಮಾರಿತನದಿಂದ ಹಾಡೇ ಹೋಯಿತು.

ವರ್ಷದ ತಿಥಿಯ ದಿನ ಊಟ ಮುಗಿದು ಎಲ್ಲರೂ ಹೋದ ಮೇಲೆ, ಮೇಷ್ಟ್ರ ಹೆಂಡತಿ ಆ ಹಾಡು ಹೇಳು ಎಂದರು. ಮಧ್ಯಾಹ್ನ ಮೂರು ಗಂಟೆ, ಬಾಗಿಲು ತೆರೆದೇ ಇತ್ತು. ಶ್ರುತಿಪೆಟ್ಟಿಗೆ ಹಾಕಿಕೊಂಡು ಕೂತೆ. ಮೂರನೆಯ ಸಾಲು ಅಂದು ಒಂದೇ ಉಸಿರಿಗೆ ಬಂತು. ಅಲ್ಲಿಗೆ ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಎಂದೂ ಕೇಳಿರದ ಸಾಲೊಂದು ನನ್ನ ಬಾಯಿಂದ ಹೊರಟಿತು. ನಡುವೆ ಒಂದು ಪದ ಒಡೆಯಿತು. ಗಣಿಯ ಬಾಗಿಲೂ ನೋಡದ ನನ್ನ ಎದೆಯಿಂದ ಆ ಸಿಳ್ಳೆ ಬಂತು. ಆದರೂ ಸಾಲು ಪೂರ್ತಿಯಾಗಿ ಪಲ್ಲವಿಗೆ ಸೇರಿತು.

ಮೇಷ್ಟ್ರ ಹೆಂಡತಿ ಅತ್ತರು. ಅದೇ ಸಾಲು, ಅವರು ಒಬ್ಬರೇ ಇದ್ದಾಗ ಗುನುಗುತ್ತಿದ್ದರು, ನನಗೆ ಹಾಡಲು ಬಾರದು, ಕೇಳಿದರೆ ಗೊತ್ತಾಗುತ್ತದೆ ಎಂದರು. ನಾನೂ ಯಾವಾಗಲೋ ಕೇಳಿಸಿಕೊಂಡಿದ್ದೆನೆ? ಎಷ್ಟು ಕೆದಕಿದರೂ ನೆನಪಿಲ್ಲ. ಮೊಬೈಲಿನಲ್ಲಿ ಹಿಡಿಯಬಾರದಿತ್ತೇ ಎನ್ನುತ್ತೀರಿ; ಯಾರಿಗೆ ಗೊತ್ತಿತ್ತು? ಗಡಿಬಿಡಿಯಲ್ಲಿ ಕಾಗದ, ಪೆನ್ನು ತೆಗೆದೆ. ಮೊದಲ ಅಕ್ಷರವೇ ಬರಲಿಲ್ಲ. ಮತ್ತೆ ಹಾಡಿದೆ, ಮತ್ತೆ ಹಾಡಿದೆ. ಮೂರನೆಯ ಸಾಲಿನಾಚೆ ಏನೂ ಇಲ್ಲ.

"ಬುಡಮ್ಮ," ಎಂದರು ಅವರು. "ನಿಂಗೆ ಕೊಡಾಕೆ ಬಂದಿರ್ಲಿಲ್ಲ ಅವರು. ಹಾಡ್ಕೊಂಡು ಒಂಟೋದ್ರು, ಅಷ್ಟೇ."

ವರ್ಷಗಳಾದವು. ಅಂದು ಏನು ನಡೆಯಿತೋ ನನಗೆ ಇಂದಿಗೂ ತಿಳಿಯದು. ನೆನೆದರೆ ಭಯಕ್ಕಿಂತ ಸಿಟ್ಟೇ ಹೆಚ್ಚು ಬರುತ್ತದೆ. ಒಂದೇ ಉಸಿರಿನಲ್ಲಿ ಹಾಡಿದೆನಲ್ಲ ಮೇಷ್ಟ್ರೇ, ಮತ್ತೇಕೆ ಕೊಡಲಿಲ್ಲ?