ಸೊಪ್ಪು ಹೊರುವ ಟೆಂಟು

ಗಂಡ ತೀರಿಕೊಂಡ ಮೇಲೆ ಶಾಮಿಯಾನದ ವ್ಯವಹಾರ ನಾನೇ ನಡೆಸುತ್ತೇನೆ ಎಂದಾಗ ಅವರ ಅಣ್ಣ, ನಮ್ಮ ಭಾವ, ಬೇಡವೆನ್ನಲಿಲ್ಲ. "ಒಂದ್ ಮದ್ವೆ ಮಾಡ್ ನೋಡವ್ವ. ಕೆಟ್ರೆ ಗೋಡೌನ್ ಬೀಗದ ಕೈ ನನಗ್ ಕೊಟ್ಬಿಡು," ಎಂದರು. ಕೆಟ್ಟೇ ಕೆಡುತ್ತದೆ ಎಂಬ ನಂಬಿಕೆ ಅವರಿಗೆ. ನಾನೂ ಆಗಲಿ ಎಂದೆ.

ಈಗ ಎಲ್ಲರೂ ಕೇಳುವುದು ವಿನೈಲ್ ಟೆಂಟು. ಕೊಳ್ಳಲು ಇಬ್ಬರೂ ನೆಲಮಂಗಲಕ್ಕೆ ಹೋದೆವು. ಅಂಗಡಿಯವನು ಎರಡು ತುಂಡು ಮುಂದಿಟ್ಟ. ಒಂದು ಬೆಳ್ಳಗೆ ಮಿರಮಿರ ಮಿಂಚುತ್ತಿತ್ತು. ತೆಳು ಬಲೆಯ ಎರಡೂ ಕಡೆ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದು. ಇನ್ನೊಂದು ಮಂಕು ಬಣ್ಣದ್ದು. ಒತ್ತಾಗಿ ನೇಯ್ದ ಬಟ್ಟೆಗೆ ವಿನೈಲ್ ಕುಡಿಸಿದ್ದು, ಎತ್ತಿದರೆ ತೋಳು ಬಿದ್ದುಹೋಗುವಷ್ಟು ಭಾರ.

"ಬೆಳ್ಳಗಿರೋದ್ ತಗೊಳವ್ವ, ಫೋಟೋಗೆ ಚೆನ್ನಾಗ್ ಬರ್ತದೆ," ಎಂದರು ಭಾವ.

ನಾನು ಹೊರಗೆ ಹೋಗಿ ಹೊಂಗೆ ಮರದ ಕೊಂಬೆಯೊಂದನ್ನು ಮುರಿದು ತಂದೆ. ಮುರಿದ ತುದಿಯಿಂದ ಎರಡನ್ನೂ ಜೋರಾಗಿ ಗೀರಿದೆ. ಬೆಳ್ಳಗಿದ್ದದ್ದು ಸೀಳಿಕೊಂಡಿತು. ಮಂಕಿನದಕ್ಕೆ ಗೀರು ಬಿತ್ತು, ಅಷ್ಟೇ.

"ಏನಮ್ಮಾ, ಟೆಂಟ್ ಮೇಲೆ ಮೇಕೆ ಮೇಯಿಸ್ತೀರಾ?" ಎಂದು ಅಂಗಡಿಯವನು ನಕ್ಕ. ಭಾವನೂ ನಕ್ಕರು. ನಾನು ಭಾವನ ಕಡೆ ತಿರುಗಿದೆ.

"ಚಪ್ಪರದ ಸೊಪ್ಪು ಎಲ್ಲಿಗ್ ಹಾಕ್ತಾರೆ ಭಾವ? ನಿಮ್ ತಲೆ ಮೇಲಾ?"

ನಮ್ಮ ಕಡೆ ಮದುವೆಯ ಹಿಂದಿನ ದಿನ ನೆಂಟರು ನೇರಳೆ, ಅತ್ತಿ ಕೊಂಬೆಗಳನ್ನು ತಂದು ಚಪ್ಪರದ ಮೇಲೆ ಎಸೆಯುತ್ತಾರೆ. ಆ ಹಸಿರು ಬೀಳದೆ ಮದುವೆಮನೆಗೆ ಕಳೆಯಿಲ್ಲ. ವಿನೈಲ್ ಬಂದ ಮೇಲೆ ಟೆಂಟಿನವರು ಹರಿಯುತ್ತದೆ ಅಂತ ಸೊಪ್ಪನ್ನೇ ಬೇಡವೆಂದುಬಿಟ್ಟರು. ಜನ ಒಂದು ಹಿಡಿ ಸೊಪ್ಪನ್ನು ಕಂಬಕ್ಕೆ ಕಟ್ಟಿ ಸಪ್ಪಗೆ ನಿಲ್ಲುತ್ತಾರೆ. ನನ್ನ ಟೆಂಟಿನಲ್ಲಿ ಹಾಗಾಗಕೂಡದು. ಭಾರದ್ದನ್ನೇ ತಂದೆ.

ಮೊದಲ ಮದುವೆ ಅರಿಶಿನಕುಂಟೆಯಲ್ಲಿ. ಹುಡುಗಿಯ ಸೋದರಮಾವ ಟ್ರ್ಯಾಕ್ಟರ್ ತುಂಬ ನೇರಳೆ ಸೊಪ್ಪು ತಂದವರು ಟೆಂಟು ನೋಡಿ ತಡೆದು ನಿಂತರು.

"ಇದ್ರ ಮೇಲ್ ಹಾಕಂಗಿಲ್ಲ ಅಲ್ವೇನಮ್ಮಾ?"

"ಎಸೀರಿ ಅಣ್ಣ."

"ಹರ್ದೋದ್ರೆ?"

"ಹರ್ದ್ರೆ ನಂದ್ ಹರಿಯೋದು. ಎಸೀರಿ."

ಒಂದೊಂದು ಕೊಂಬೆ ಧೊಪ್ಪೆಂದು ಬಿದ್ದಾಗಲೂ ನನ್ನ ಎದೆ ಧಸಕ್ಕೆನ್ನುತ್ತಿತ್ತು. ಮುಖದಲ್ಲಿ ತೋರಿಸಲಿಲ್ಲ. ಭಾವ ಟೆಂಟಿನ ಕೆಳಗೆ ಕತ್ತು ಮೇಲೆತ್ತಿಕೊಂಡು ಆ ತುದಿಯಿಂದ ಈ ತುದಿಗೆ ನಡೆದರು, ಎಲ್ಲಾದರೂ ತೂತಿನಿಂದ ಬಿಸಿಲು ಬೀಳುತ್ತದೆಯೇ ಅಂತ. ಎಲ್ಲೂ ಬೀಳಲಿಲ್ಲ. ಬೀಗದ ಕೈ ನನ್ನ ಸೊಂಟದಲ್ಲಿತ್ತು. ಕೇಳಲಿ ನೋಡೋಣ ಅಂತ, ಅವರು ಟೆಂಟಿನ ಅಂಚಿಗೆ ಬಂದಾಗ ಎದುರಿಗೇ ಹೋಗಿ ನಿಂತೆ.

ಅಷ್ಟರಲ್ಲಿ ಕೊಂಬೆಯೊಂದು ಜಾರಿ ನನ್ನ ಕಾಲ ಬಳಿ ಬಿತ್ತು. ಬಗ್ಗಿ ಎತ್ತಿಕೊಂಡೆ.

"ನೀನ್ ಮುಟ್ಬಾರ್ದು ಕಣವ್ವ," ಎಂದಿತು ಮದುವೆಮನೆಯ ಒಂದು ಅಜ್ಜಿ. ಗಂಡನಿಲ್ಲದವಳು ಚಪ್ಪರದ ಸೊಪ್ಪು ಮುಟ್ಟುವಂತಿಲ್ಲ.

"ಕಂಬ ನೆಟ್ಟೋಳು ನಾನು, ಟೆಂಟ್ ಎಳೆದ್ ಕಟ್ಟಿದ್ದೂ ನಾನು. ಸೊಪ್ಪಿಗೆ ಮಾತ್ರ ಮೈಲಿಗೆನಾ ಅಜ್ಜಿ?"

ಕೊನೆಗೆ ಭಾವನೇ ಗಂಟಲು ಸರಿಮಾಡಿಕೊಂಡು, "ಅವಳ ಟೆಂಟು, ಅವಳು ಹಾಕ್ಲಿ ಬಿಡವ್ವ," ಎಂದರು.

ಅವರ ಅಪ್ಪಣೆಗೆ ಯಾರು ಕಾದಿದ್ದರು? ಕೊಂಬೆ ಆಗಲೇ ಮೇಲೆ ಹೋಗಿ ಬಿದ್ದಿತ್ತು.