ಚೀಟಿಯಿಲ್ಲದ ಶೀಸೆಗಳು

ಬೈಲಹೊಂಗಲದ ಬಜಾರದಲ್ಲಿ ಕಾಂತೇಶನ ಅತ್ತರಿನ ಅಂಗಡಿ ಎಂದರೆ ಇಬ್ಬರು ಕೂತರೆ ಮೂರನೆಯವನು ಹೊರಗೇ ನಿಲ್ಲಬೇಕು. ಜಾಗ ಅಷ್ಟೇ ಆದರೂ ಹಟ ದೊಡ್ಡದು. ಅಲ್ಲಿನ ನಲವತ್ತು ಶೀಸೆಗಳೂ ಒಂದೇ ಬಗೆಯ ಕಪ್ಪು ಗಾಜಿನವು, ಯಾವುದಕ್ಕೂ ಹೆಸರಿನ ಚೀಟಿಯಿಲ್ಲ. ಚೀಟಿ ಓದಿ ಅತ್ತರು ಮಾರುವವನು ಅತ್ತರಿನವನೇ ಅಲ್ಲ, ಮೂಗೇ ಚೀಟಿ ಎಂದು ಅವನಪ್ಪ ಹೇಳಿ ಹೋಗಿದ್ದ. ಕಾಂತೇಶ ಕಣ್ಣು ಮುಚ್ಚಿ ಮೂಸಿ ನಲವತ್ತನ್ನೂ ಹೇಳುತ್ತಿದ್ದ.

ಬಾಯಿಯೂ ಕಡಿಮೆಯದಲ್ಲ. ಬಾದಶಹನ ಅರಮನೆಯ ಕಾಲುವೆಯಲ್ಲಿ ಪನ್ನೀರು ಹರಿಸಿದಾಗ ಮೇಲೆ ತೇಲಿದ ಜಿಡ್ಡೇ ಮೊದಲ ಗುಲಾಬಿ ಅತ್ತರಾಯಿತಂತೆ. ಪರದೇಶದ ದೊಡ್ಡ ಕವಿಯೊಬ್ಬ ಮೇಜಿನ ಖಾನೆಯಲ್ಲಿ ಕೊಳೆತ ಸೇಬು ಇಟ್ಟುಕೊಂಡು, ಆ ವಾಸನೆ ಬಂದರೇ ಬರೆಯಲು ಕೂರುತ್ತಿದ್ದನಂತೆ. ಈ ಎರಡನೆಯ ಕಥೆ ಅವನಿಗೆ ಹೇಳಿದವರು ಮುದಕಪ್ಪ ಮಾಸ್ತರು, ಸುತ್ತಲಿನ ಹಳ್ಳಿಗಳಿಗೆ ಬಯಲಾಟ ಬರೆದುಕೊಡುತ್ತಿದ್ದವರು. ಸೇಬಿನ ಕವಿಯನ್ನು ನೆನೆದು ನಗುತ್ತಿದ್ದ ಮಾಸ್ತರಿಗೂ ಒಂದು ಗೀಳಿತ್ತು, ಮಣ್ಣಿನ ಅತ್ತರು. ಮೊದಲ ಮಳೆಗೆ ನೆಲ ಬಿಡುವ ವಾಸನೆ ಅದರದು. ಪ್ರತಿ ಸೋಮವಾರ ಬಂದು ಬಲಗೈ ಚಾಚುವರು. ಕಾಂತೇಶ ಕೈಯ ಹಿಂಬದಿಗೆ ಒಂದು ಹನಿ ತಿಕ್ಕುವನು. ಅವರು ಮೂಸಿ, "ಇನ್ನ ಕೈ ಬರೀತೈತಿ ನೋಡಪಾ" ಎನ್ನುವರು. ಮೂವತ್ತು ವರ್ಷ ಇದು ಹೀಗೇ ನಡೆಯಿತು.

ಕೊರೊನಾ ವರ್ಷದ ಜ್ವರದಲ್ಲಿ ಕಾಂತೇಶನ ಮೂಗು ಹೋಯಿತು. ಉಳಿದವರಿಗೆ ತಿಂಗಳೊಪ್ಪತ್ತಿನಲ್ಲಿ ವಾಸನೆ ಮರಳಿತು, ಇವನಿಗೆ ಮರಳಲಿಲ್ಲ. ಮೂಗಿಲ್ಲದ ಅತ್ತರಿನವನ ಹತ್ತಿರ ಯಾರು ಬಂದಾರು? ಹೆಂಡತಿ ಗಂಗಾಳಿಗೂ ಹೇಳದೆ, ಶೀಸೆಗಳ ಜಾಗ ನೆನಪಿಟ್ಟುಕೊಂಡು ವ್ಯಾಪಾರ ನಡೆಸಿದ. ಮೊದಲಿಗಿಂತ ಹೆಚ್ಚು ಕಥೆ ಹೇಳಿದ. ಕಳ್ಳನ ಮನಸ್ಸು ಹುಳ್ಳುಹುಳ್ಳಗೆ.

ಅದಾದ ಐದನೆಯ ಯುಗಾದಿಗೆ ಗಂಗಾ ಅಂಗಡಿ ತೊಳೆದು ಶೀಸೆಗಳನ್ನು ಮತ್ತೆ ಜೋಡಿಸಿಟ್ಟಳು. ಎಲ್ಲ ಮೊದಲಿನ ಜಾಗದಲ್ಲೇ ಇವೆಯೇ ಎಂದು ಕೇಳಿದರೆ ಗುಟ್ಟು ರಟ್ಟಾದೀತು. ಅವನು ಕೇಳಲಿಲ್ಲ.

ದೀಪಾವಳಿ ಕಳೆದ ಮೇಲೆ ಮಾಸ್ತರು ತೀರಿಕೊಂಡರು. ಅವರ ಅತ್ತರು ತೆಗೆದುಕೊಂಡು ಬಾ ಎಂದು ಅವರ ಹೆಂಡತಿ ಶಟ್ಟೆವ್ವ ಹೇಳಿಕಳಿಸಿದರು. ಕಾಂತೇಶ ಹೋದಾಗ ಮಾಸ್ತರನ್ನು ಗೋಡೆಗೆ ಆನಿಸಿ ಕೂರಿಸಿದ್ದರು. ಹಣೆತುಂಬ ವಿಭೂತಿ, ಸುತ್ತ ಭಜನೆ. ಅವನು ಶೀಸೆ ಬಿಚ್ಚಿದ, ಆದರೆ ಕೈ ಮುಂದೆ ಹೋಗಲಿಲ್ಲ. ಈ ಮನುಷ್ಯನನ್ನು ಮಣ್ಣಿಗಿಡುವ ದಿನವೂ ಸುಳ್ಳು ಹೇಳುವುದೇ ಎಂದು ಅವನಿಗೆ ಹೇಸಿಗೆಯಾಯಿತು.

"ಅವ್ವಾರ," ಎಂದು ಶಟ್ಟೆವ್ವನ ಹತ್ತಿರ ಬಗ್ಗಿ ಮೆಲ್ಲಗೆ ಹೇಳಿದ, "ಐದು ವರ್ಷ ಆತು, ನನಗ ವಾಸನಿ ತಿಳಿಯಂಗಿಲ್ರಿ. ಇದು ಮಣ್ಣಿನ ಅತ್ತರ ಹೌದೋ ಅಲ್ಲೋ, ನೀವ ನೋಡಿ ಹೇಳ್ರಿ."

ಶಟ್ಟೆವ್ವ ಮೂಸಲು ಬಗ್ಗಲೂ ಇಲ್ಲ. "ಅಲ್ಲಪಾ, ಇದು ಲಾವಂಚದ್ದು. ಯುಗಾದಿಯಿಂದ ನೀ ಹಚ್ಚೂದು ಇದನ್ನ."

"ಮಾಸ್ತರ ಒಂದ ಮಾತು ಅನಲಿಲ್ಲಲ್ರಿ."

"ಮೊದಲನೇ ದಿನಾನ ಮನಿಗೆ ಬಂದು ಹೇಳಿದ್ರು. ಕಾಂತೇಶನ ಮೂಗು ಹೋಗೇತಿ, ಅಂವಾ ತಾನ ಹೇಳೂತನಕ ನೀ ಬಾಯಿ ಬಿಡಬ್ಯಾಡ ಅಂದ್ರು. ಕಡೀ ಆಟ ಈ ವಾಸನ್ಯಾಗ ಬರದು ಮುಗಿಸ್ಯಾರ. ಹಚ್ಚು, ಅವರಿಗೆ ರೂಢಿ ಆಗೇತಿ."

ಕಾಂತೇಶ ಆ ಬಲಗೈ ಹಿಡಿದು ಹನಿ ತಿಕ್ಕಿದ. ಕೈ ತಣ್ಣಗಿತ್ತು, ಮೂಗಿನತ್ತ ಏಳಲಿಲ್ಲ. ಅವನು ಜನರ ನಡುವೆಯೇ ಬಿಕ್ಕಿ ಅತ್ತ.

ಮರುದಿನ ಗಂಗಾಳಿಗೆ ಇದ್ದದ್ದು ಇದ್ದ ಹಾಗೆ ಹೇಳಿ ಅಂಗಡಿಯಲ್ಲಿ ಕೂರಿಸಿಕೊಂಡ. ಒಂದೊಂದೇ ಶೀಸೆ ಅವಳಿಗೆ ಮೂಸಲು ಕೊಟ್ಟು, ಅವಳು ಹೇಳಿದ ಹೆಸರು ಬರೆದು ಚೀಟಿ ಅಂಟಿಸುತ್ತ ಹೋದ. ಲಾವಂಚದ ಶೀಸೆ ಬಂದಾಗ ಮಾತ್ರ ಅವಳನ್ನು ಕೇಳಲಿಲ್ಲ. ಅದಕ್ಕೆ 'ಮುದಕಪ್ಪ ಮಾಸ್ತರು' ಎಂದು ಬರೆದು ಅಂಟಿಸಿದ.