ಗಾಜಿನ ಪೆಟ್ಟಿಗೆಯಿಂದ ಹೊರಬಂದ ತೊಟ್ಟಿಲು

ನಿಂತುಹೋದ ಹಿಟ್ಟಿನ ಗಿರಣಿಯೊಳಗೆ ದೊಡ್ಡಮ್ಮ ಕಟ್ಟಿದ, ತನ್ನ ಜನರ ಮ್ಯೂಸಿಯಂ ಇತ್ತು. ಆಕೆಯ ಜನ ಅಂದರೆ ತಮ್ಮದೇ ಭಾಷೆಯಾಡುವ ಒಂದು ಸಣ್ಣ ಸಮುದಾಯ. ಒಂದು ಕಾಲಕ್ಕೆ ಅರ್ಧ ಹಳ್ಳಿ ಅವರದೇ. ಈಗ ಉಳಿದಿದ್ದು ನಾಲ್ಕು ಮನೆ, ಅದರಲ್ಲೂ ಎರಡು ಮನೆಗಳ ನಡುವೆ ಮಾತಿಲ್ಲ. ಆಕೆ ಕಸುಬಿನಲ್ಲಿ ದರ್ಜಿ. ಇಡೀ ಊರಿಗೆ ದೊಡ್ಡಮ್ಮ. ಊರು ಬಿಡುವವರು ಅಂಗಳಕ್ಕೆಸೆದ ಮಗ್ಗ, ತೊಟ್ಟಿಲು, ಕುರ್ಚಿ, ಬಟ್ಟೆಬರೆಯನ್ನೆಲ್ಲ ಹೊತ್ತು ತಂದು, ಹರಿದದ್ದನ್ನು ಹೊಲಿದು, ಗಿರಣಿಯಲ್ಲಿ ಜೋಡಿಸಿಟ್ಟಿದ್ದಳು.

ನೋಡಲು ಬಂದವರಿಗೆ ಆಕೆ ಹೇಳುತ್ತಿದ್ದುದು ಇತಿಹಾಸವಲ್ಲ, ಮನೆಮನೆಯ ಗುಟ್ಟು.

“ಈ ಕುರ್ಚಿ ನೋಡಿ. ಇದರಲ್ಲಿ ಕೂತೋನು ಜನ್ಮದಲ್ಲಿ ಈ ಕಡೆ ಕಡ್ಡಿ ಆ ಕಡೆ ಎತ್ತಿಡಲಿಲ್ಲ. ಕುರ್ಚಿ ಸವೀತು, ಅವನು ಸವೀಲಿಲ್ಲ. ಇದು ಒಬ್ಬ ಮದುಮಗಳ ಅಂಗಿ. ಮದುವೆಗೆ ಮುಂಚೇನೇ ಎರಡು ಸಲ ಹೊಲಿಗೆ ಬಿಚ್ಚಿ ಅಗಲ ಮಾಡಿದ್ದೆ. ಯಾಕೆ ಅಂತ ನನ್ನ ಕೇಳ್ಬೇಡಿ.”

ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಕುರ್ಚಿಯವನ ಮೊಮ್ಮಗನೊಬ್ಬ ಜಗಳಕ್ಕೆಂದು ಬಂದವನು, ಅಜ್ಜನ ಬಗ್ಗೆ ಇನ್ನೂ ಎರಡು ಕಥೆ ಹೇಳಿಯೇ ಹೋದ.

ಚಾವಣಿ ಸೋರತೊಡಗಿದಾಗ ಪರಂಪರೆ ಇಲಾಖೆಯ ಅಧಿಕಾರಿ ಬಂದರು. ಒಳ್ಳೆಯ ಮನುಷ್ಯ. ಚಾವಣಿ ಹೊಸದಾಗಿ ಹಾಕಿಸಿದರು, ಎಲ್ಲ ವಸ್ತುಗಳಿಗೂ ಗಾಜಿನ ಪೆಟ್ಟಿಗೆ ಮಾಡಿಸಿದರು.

“ಇನ್ಮೇಲೆ ಏನನ್ನೂ ಮುಟ್ಟೋ ಹಾಗಿಲ್ಲ ದೊಡ್ಡಮ್ಮ. ಆಮೇಲೆ ಆ ಕಥೆಗಳು... ಸ್ವಲ್ಪ ಗೌರವವಾಗಿರಲಿ.”

ಸೋರುವುದು ನಿಂತ ಖುಷಿಯಲ್ಲಿ ಆಕೆ ಹೂಂ ಅಂದುಬಿಟ್ಟಳು.

ಗೌರವ ಬಂತು, ಜನ ಬರಲಿಲ್ಲ. ಬಂದವರೂ ಸಾವಿನ ಮನೆಗೆ ಬಂದವರಂತೆ ಕೈಕಟ್ಟಿ ಒಂದು ಸುತ್ತು ಹಾಕಿ ಹೊರಡುತ್ತಿದ್ದರು. ದೊಡ್ಡಮ್ಮನಿಗೆ ನಾಲಿಗೆ ತುರಿಸುತ್ತಿತ್ತು. ಗಾಜು ಒರೆಸುತ್ತ ಒಳಗಿದ್ದ ಕುರ್ಚಿಯನ್ನೇ ಬೈಯುತ್ತಿದ್ದಳು.

ಹೀಗಿರುವಾಗ ತಂಗಿಯ ಮಗಳು ಹಸುಗೂಸನ್ನು ಎತ್ತಿಕೊಂಡು ಬಂದಳು. ಪೇಟೆಯಲ್ಲಿ ಬೆಳೆದ ಅವಳಿಗೆ ತಾಯಿಯ ಭಾಷೆ ಒಂದಕ್ಷರವೂ ಬಾರದು. ಗಿರಣಿಯ ಬಾಗಿಲಲ್ಲೇ ರಾಗ ತೆಗೆದ ಕೂಸು ಹಾಲಿಗೂ ಸುಮ್ಮನಾಗಲಿಲ್ಲ, ಹೆಗಲಿಗೂ ಸುಮ್ಮನಾಗಲಿಲ್ಲ.

“ಇನ್ನು ಸ್ವಲ್ಪ ಹೊತ್ತು ಹೀಗೇ ಆದ್ರೆ ನಾನೂ ಇದರ ಜೊತೆ ಅತ್ತುಬಿಡ್ತೀನಿ ದೊಡ್ಡಮ್ಮ,” ಎಂದಳು.

ದೊಡ್ಡಮ್ಮ ಒಮ್ಮೆ ತೊಟ್ಟಿಲಿದ್ದ ಪೆಟ್ಟಿಗೆಯತ್ತ ನೋಡಿ ಸೊಂಟದಿಂದ ಬೀಗದಕೈ ತೆಗೆದಳು. ತೊಟ್ಟಿಲನ್ನು ಹೊರಗೆಳೆದು, ತನ್ನ ಶಾಲು ಹಾಸಿ, ಕೂಸನ್ನು ಮಲಗಿಸಿದಳು. ಲಾಲಿಹಾಡು ಆಕೆಗೆ ಬರುತ್ತಿರಲಿಲ್ಲ. ತೂಗುತ್ತ ತನ್ನ ಭಾಷೆಯಲ್ಲಿ ಬೈಯತೊಡಗಿದಳು. ತಿಂಗಳುಗಟ್ಟಲೆ ಅದುಮಿಟ್ಟಿದ್ದ ಬೈಗುಳವೆಲ್ಲ ಮೆಲುದನಿಯಲ್ಲಿ, ಒಂದೇ ಲಯದಲ್ಲಿ ಹೊರಬಂತು. ಕೂಸು ಬಾಯಿ ತೆರೆದುಕೊಂಡೇ ನಿದ್ದೆಹೋಯಿತು.

ಅಷ್ಟರಲ್ಲಿ ಅಧಿಕಾರಿ ಅತಿಥಿಗಳ ದಂಡು ಕಟ್ಟಿಕೊಂಡು ಒಳಬಂದರು. ಖಾಲಿ ಪೆಟ್ಟಿಗೆ ಕಂಡು ಮುಖ ಕೆಂಪಾಯಿತು.

“ದೊಡ್ಡಮ್ಮ! ಇದೇನಿದು?”

“ಶ್! ಕೂಸು ಎದ್ರೆ ನೀವೇ ತೂಗ್ಬೇಕು.”

ಅಧಿಕಾರಿ ಸದ್ದಾಗದಂತೆ ಬೂಟು ಕಳಚಿದರು. ಅತಿಥಿಗಳು ತೊಟ್ಟಿಲ ಸುತ್ತ ನೆಲದ ಮೇಲೇ ಕೂತರು. ಒಬ್ಬಾಕೆ ಪಿಸುಗುಟ್ಟುತ್ತ ಆ ಕುರ್ಚಿ ಯಾರದೆಂದು ಕೇಳಿದಳು. ದೊಡ್ಡಮ್ಮ ಅಧಿಕಾರಿಯ ಮುಖ ನೋಡಿದಳು. ಅವರು ನಿಟ್ಟುಸಿರು ಬಿಟ್ಟು, “ಹೇಳಿ, ಹೇಳಿ,” ಎಂದರು.

ತೊಟ್ಟಿಲು ಮತ್ತೆ ಪೆಟ್ಟಿಗೆ ಸೇರಲಿಲ್ಲ. ತಂಗಿಯ ಮಗಳು ರಜೆ ಸಿಕ್ಕಾಗಲೆಲ್ಲ ಬಂದು ಭಾಷೆ ಕಲಿಯತೊಡಗಿದಳು. ಈಗ ಯಾರನ್ನು ಬೇಕಾದರೂ ತಡವರಿಸದೆ ಬೈಯಬಲ್ಲಳು. ನೀರಿಗೆ ಏನನ್ನುತ್ತಾರೆ ಎಂಬುದನ್ನು ಮಾತ್ರ ಇನ್ನೂ ಕೇಳಿಕೊಳ್ಳಬೇಕು.